ಸಾಕಮ್ಮ ಬರೆಸಿದ ಕಾಯಿಲೆ

ಸುನೀತಾ ತಗಡೂರಿನಿಂದ ಸೋಸಲೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಅತ್ತೆ ಮಾವನ ಹೆಸರಿಗೆ ಆರೋಗ್ಯ ವಿಮೆ ಮಾಡಿಸಿದ್ದಳು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಅವಳಿಗೆ ಪ್ಯಾಕಿಂಗ್ ಕೆಲಸ. ಸಂಬಳದಲ್ಲೇ ವರ್ಷವರ್ಷ ಕಂತು ಕಟ್ಟುತ್ತಿದ್ದಳು. ಮಾವ ಚಿಕ್ಕಸ್ವಾಮಿಗೆ ಆಗ ಇದೆಲ್ಲ ತಮಾಷೆಯಾಗಿ ಕಂಡಿತ್ತು. ಅವನಿಗೆ ಗೊತ್ತಿದ್ದದ್ದು ಹಸುಗಳ ಇನ್ಶೂರೆನ್ಸ್ ಮಾತ್ರ.

"ಅಸೀಗೆ ಒಡ್ದಂಗೆ ನಮ್ ಕಿವೀಗೂ ಟ್ಯಾಗ್ ಒಡುಸ್ತೀಯೇನವ್ವ?" ಎಂದು ನಕ್ಕಿದ್ದ.

ಆ ನಗು ಹೋದ ವರ್ಷ ನಿಂತಿತು. ಬೆಳಗ್ಗೆ ಹಾಲು ಕರೆಯಲು ಕೂತ ಹೆಂಡತಿ ಸಾಕಮ್ಮ ಎದೆ ಹಿಡಿದುಕೊಂಡು ಕೊಟ್ಟಿಗೆಯಲ್ಲೇ ಒರಗಿಬಿಟ್ಟಳು. ಮಗ ಚಂದ್ರಶೇಖರ್ ತನ್ನ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ನರಸೀಪುರಕ್ಕೆ ಓಡಿಸಿದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರು. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಬಿಲ್ಲನ್ನೆಲ್ಲ ವಿಮೆಯವರೇ ನೋಡಿಕೊಂಡರು. ಮನೆಗೆ ಬಂದ ಮೇಲೆ ಯಾರು ಮಾತಾಡಿಸಲು ಬಂದರೂ ಸಾಕಮ್ಮ ಹೇಳುತ್ತಿದ್ದದ್ದು ಒಂದೇ: "ಡಾಕ್ಟ್ರು ಆಮೇಲೆ ಕಣವ್ವ, ಮೊದ್ಲು ಉಳ್ಸುದ್ದು ನನ್ ಸೊಸೆ."

ಈ ವರ್ಷ ಕಂತು ತೀರಾ ಏರಿತು. ಸುನೀತಾ ಭಾನುವಾರವೂ ಡ್ಯೂಟಿಗೆ ಹೋಗತೊಡಗಿದಳು. ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ತಲೆ ಬಾಚಿಕೊಳ್ಳುತ್ತಲೇ ಬಸ್ಸಿಗೆ ಓಡುವ ಸೊಸೆಯನ್ನು ನೋಡಿದರೆ ಚಿಕ್ಕಸ್ವಾಮಿಗೆ ತುತ್ತು ಇಳಿಯುತ್ತಿರಲಿಲ್ಲ. ಯಾರಿಗೂ ಹೇಳದೆ ಅವನು ಹೇಮಂತನಿಗೆ ಫೋನು ಮಾಡಿದ.

ಹೇಮಂತ ಚಂದ್ರಶೇಖರನ ಜೊತೆ ಆಡಿ ಬೆಳೆದವನು. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಆಫೀಸು ಮಾಡಿಕೊಂಡು ವಿಮೆ ಮಾಡಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತು, ಬೇರೊಂದು ಕಂಪನಿಯ ಪಾಲಿಸಿ ವಿವರಿಸಿದ. ಕಂತು ಕಮ್ಮಿ, ಸಿಗುವ ಹಣ ಜಾಸ್ತಿ. ಚಿಕ್ಕಸ್ವಾಮಿಯ ಮುಖ ಅರಳಿತು. ಹೇಮಂತ ಮೊಬೈಲಿನಲ್ಲಿ ವಿವರ ತುಂಬಿಸುತ್ತಾ ಹೋದ. ವಯಸ್ಸು, ತೂಕ, ಬಿ.ಪಿ., ಶುಗರ್. ಆಮೇಲೆ ಬೆರಳು ನಿಲ್ಲಿಸಿದ.

"ದೊಡ್ಡವ್ವ, ಸ್ಟೆಂಟ್ ವಿಚಾರ ಬರೀದೆ ಬುಡ್ತೀನಿ. ಬರುದ್ರೆ ಇವ್ರು ಒಪ್ಪಾಕಿಲ್ಲ. ಏನೂ ಕಾಯ್ಲೆ ಇಲ್ಲ ಅಂತ ಆಕ್ಬುಡಾನ. ಎಲ್ರೂ ಅಂಗೇಯ ಮಾಡಾದು."

"ನಾಳೀಕೆ ತಿರ್ಗಾ ಎದೆನೋವು ಬಂದ್ರೆ?" ಎಂದ ಚಿಕ್ಕಸ್ವಾಮಿ.

"ಆಗ ನೋಡ್ಕಳಾನ ಬುಡಿ ದೊಡ್ಡಪ್ಪ."

ಕಾಫಿ ಲೋಟ ಹಿಡಿದು ಬಂದಿದ್ದ ಸಾಕಮ್ಮ ಅದನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಳು.

"ಬ್ಯಾಡ ಕಣ್ ಮಗ. ಎದೆಯೊಳ್ಗೆ ಇರಾದ್ನ ಇಲ್ಲ ಅಂತ ಎಂಗಪ್ಪ ಯೇಳಾದು? ಅದು ಇರಾದ್ಕೇ ನಾನು ಇವತ್ತು ನಿಂಗೆ ಕಾಪಿ ಕಾಯ್ಸಿ ಕೊಟ್ಟಿರಾದು. ಇಲ್ಲ ಅಂತ ಬರುದ್ರೆ, ಆಟೋ ಓಡ್ಸುದ್ ನನ್ ಮಗ, ವರ್ಸ ವರ್ಸ ದುಡ್ಡು ಕಟ್ಟುದ್ ನನ್ ಸೊಸೆ, ಕೈ ಇಡ್ಕಂಡು ಕೂತಿದ್ ಆ ನರ್ಸಮ್ಮ, ಅವ್ರ್ನೆಲ್ಲ ಇಲ್ಲ ಅಂದಂಗೇ ಅಲ್ವ?"

ಹೇಮಂತ ತುಂಬಿಸಿದ್ದನ್ನೆಲ್ಲ ಅಳಿಸಿದ. ಕಾಫಿ ಕುಡಿದು, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೊರಟ. ಚಿಕ್ಕಸ್ವಾಮಿಗೆ ಸಿಟ್ಟು ಬಂತು.

"ಅಲ್ಲ ಕಣೇ, ನಮ್ ದೆಸೆಯಿಂದ ಆ ಎಣ್ಮಗ ಭಾನ್ವಾರ್ವೂ ಗೇಯ್ತದೆ. ಅದ್ಕೆ ದಾರಿ ಏನು?"

"ಅವ್ಳ್ನೇ ಕೇಳಾನ," ಎಂದಳು ಸಾಕಮ್ಮ.

ಸಂಜೆ ಸುನೀತಾ ಬಂದು ಕಾಲು ತೊಳೆದುಕೊಳ್ಳುವಷ್ಟರಲ್ಲಿ ಮಾವ ಎಲ್ಲವನ್ನೂ ಹೇಳಿಬಿಟ್ಟ. ಅವಳು ನಕ್ಕಳು.

"ನಾನೂ ವಿಚಾರಿಸಿದೀನಿ ಮಾವ. ಕಾಯಿಲೆ ಎಲ್ಲಾ ಬರೆದು, ರಿಪೋರ್ಟ್ ಕೊಟ್ಟು, ಬೇರೆ ಕಡೆ ಕೇಳ್ದೆ. ಅತ್ತೇನ ತಗೊಳ್ಳೋಕೆ ಆಗಲ್ಲ ಅಂದ್ರು. ಈಗಿರೋರು ಹಾಗನ್ನಂಗಿಲ್ಲ. ಟೈಮಿಗೆ ಸರಿಯಾಗಿ ಕಂತು ಕಟ್ತಾ ಇದ್ರೆ ಎಷ್ಟೇ ವಯಸ್ಸಾದ್ರೂ ಮುಂದುವರಿಸ್ಲೇಬೇಕು. ಮೊದಲೇ ಕಾಯಿಲೆ ಇದ್ದೋರು ಅದಕ್ಕೆ ಹಣ ಸಿಗೋಕೆ ಕಾಯ್ಬೇಕಾದ ವರ್ಷಗಳೂ ಇಲ್ಲಿ ಮುಗಿದಿವೆ. ಬಿಟ್ರೆ ನಮಗೇ ಕಷ್ಟ."

"ಅದ್ಕೆ ನೀನು ಭಾನ್ವಾರ್ವೂ ಸಾಯ್ಬೇಕಾ?"

ಸುನೀತಾ ಮಗಳ ಕೂದಲಲ್ಲಿ ಕೈಯಾಡಿಸಿದಳು. "ನಮ್ಮವ್ವ ಕಾಯಿಲೆ ಬಿದ್ದಾಗ ನಾವಿನ್ನೂ ಸಣ್ಣೋರು ಮಾವ. ಏನೂ ಮಾಡ್ಸೋಕಾಗ್ಲಿಲ್ಲ. ಇವಳು ಹುಟ್ದಾಗ ಬಾಣಂತನಕ್ಕೆ ಹೋಗೋಕೆ ನಂಗೆ ತವರಲ್ಲಿ ಅವ್ವ ಇರ್ಲಿಲ್ಲ. ಅತ್ತೆ ನನ್ನ ನೆಲಕ್ಕೆ ಕಾಲಿಡೋಕೆ ಬಿಡ್ಲಿಲ್ಲ. ಬೆನ್ನಿಗೆ ನೀರು ಹುಯ್ದಿದ್ದು ಇನ್ನೂ ಬೆಚ್ಚಗೇ ಇದೆ. ನಿಮಗೆ ಇದು ಸಾಲ ತೀರ್ಸ್ದಂಗೆ ಕಾಣ್ತದೇನೋ, ನಂಗೆ ಹಂಗಲ್ಲ. ಇದು ನನ್ನ ಸಂತೋಷ."

ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಸ್ವಾಮಿ ಕೊಟ್ಟಿಗೆಯ ಕಡೆ ನೋಡಿದ.

"ಸರಿ ಕಣವ್ವ, ಪಾಲಿಸಿ ಇದೇ ಇರ್ಲಿ. ಕಪ್ ಅಸೀನ ಆಲಿನ್ ದುಡ್ಡು ಇನ್ಮ್ಯಾಕೆ ಅದ್ಕೇ. ನೀನು ಭಾನ್ವಾರ ಮನೇಲಿರು. ಅದು ನನ್ ಸಂತೋಸ."

ಸುನೀತಾ ಬೇಡವೆಂದಳು. ಅವನು ಬಿಡಲಿಲ್ಲ. ಕೊನೆಗೆ ಚಂದ್ರಶೇಖರನೂ ಅಪ್ಪನ ಕಡೆ ಸೇರಿದ್ದರಿಂದ ಅವಳು ಒಪ್ಪಿಕೊಂಡಳು. ಆ ವಾರವೇ ಹಳೆಯ ಪಾಲಿಸಿಗೆ ಕಂತು ಕಟ್ಟಿಯಾಯಿತು.

ಅವರೆಕಾಯಿ ಕಾಲ ಶುರುವಾದಾಗ ಒಂದು ದಿನ ಹೇಮಂತ ಮತ್ತೆ ಬಂದ. ಕೈಯಲ್ಲಿ ದೊಡ್ಡ ಚೀಲ. ವ್ಯಾಪಾರದ ಮಾತೆತ್ತಲಿಲ್ಲ.

"ದೊಡ್ಡವ್ವ, ನಮ್ಮವ್ವಂಗೂ ನಾನು ಅಂಗೇಯ ಮಾಡ್ಸಿದ್ದೆ. ಶುಗರ್ ಇರಾದ್ನ ಮುಚ್ಚಾಕಿದ್ದೆ. ಅವತ್ತು ನಿಮ್ ಮಾತು ಕೇಳುದ್ ಮ್ಯಾಲೆ, ನಾಳೀಕೆ ಸುಳ್ಳು ಗೊತ್ತಾಗಿ ದುಡ್ಡು ಕೊಡಾಕಿಲ್ಲ ಅಂದ್ರೆ ಅಂತ ಭಯ ಆಯ್ತು. ಕಂಪ್ನಿಗೆ ಇದ್ದುದ್ ಇದ್ದಂಗೆ ಬರ್ದು ಕಳ್ಸ್ದೆ. ಕಂತು ಏರುಸುದ್ರು, ಶುಗರ್‌ಗೆ ಇನ್ನೆಲ್ಡು ವರ್ಸ ಕಾಯ್ಬೇಕು ಅಂದ್ರು. ಆದ್ರೆ ಪಾಲಿಸಿ ಉಳ್ಕತು. ಅವ್ವಂಗೆ ಯೇಳ್ದೆ. ನಂಗೆ ಚೆನ್ನಾಗಿ ಬಯ್ದು, ಇದ್ನ ನಿಮ್ಗೆ ಕೊಟ್ಬುಟ್ ಬಾ ಅಂದ್ಲು."

ಚೀಲದ ತುಂಬ ಸೊಗಡು ಬಿಡುವ ಎಳೆಯ ಅವರೆಕಾಯಿ. ಸಾಕಮ್ಮ ಒಂದು ಹಿಡಿ ತೆಗೆದು ಮೂಸಿ ನೋಡಿದಳು. ಆಮೇಲೆ ಅವನ ತಲೆ ಸವರಿದಳು.

"ಒಳ್ಳೇದು ಮಾಡ್ದೆ ಕಣ್ ಮಗ. ನಿಮ್ಮವ್ವನ್ನ ಒಂದ್ ದಪ ಕರ್ಕಂಡ್ ಬಾ. ಉಪ್ಪಿಟ್ಟು ಮಾಡ್ತೀನಿ. ಇಬ್ರೂ ಕೂತ್ಕಂಡು ನಮ್ ನಮ್ ಮಾತ್ರೆ ಲೆಕ್ಕ ಯೇಳ್ಕತೀವಿ."

ಹೇಮಂತ ನಕ್ಕು, ಚಪ್ಪಲಿ ಬಿಟ್ಟು ಒಳಗೆ ಬಂದ. ಸುನೀತಾ ಮೊರ ತಂದು ಚೀಲ ಸುರಿದಳು. ಎಲ್ಲರೂ ಸುತ್ತ ಕೂತು ಕಾಳು ಬಿಡಿಸತೊಡಗಿದರು.