ತೊಳೆದವನ ಸಾಕ್ಷಿ

1958ನೇ ಇಸವಿ ಮಾರ್ಚ್ 12, ಬುಧವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ಗೌರಿಬಿದನೂರಿನ ಪ್ರವಾಸಿ ಮಂದಿರದ ಜಗಲಿಯ ಮೇಲೆ ಮಹಮ್ಮದ್ ಇಸ್ಮಾಯಿಲ್ ಕರೆಗಾಗಿ ಕಾದು ಕೂತಿದ್ದರು. ಒಳಗೆ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಕಾಜಿಮನ ಸಾವಿನ ವಿಚಾರಣೆ ನಡೆಸುತ್ತಿದ್ದರು.

ಅಲೀಪುರದಲ್ಲಿ ಗಂಡಸು ಸತ್ತರೆ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದವರು ಇಸ್ಮಾಯಿಲರೇ. ಮೊದಲು ಎಲಚಿ ಎಲೆಯ ನೀರು, ಆಮೇಲೆ ಕರ್ಪೂರದ ನೀರು, ಕೊನೆಗೆ ಬರಿಯ ನೀರು. ಆ ಕೆಲಸಕ್ಕೊಂದು ಕಟ್ಟಳೆಯಿತ್ತು: ಸತ್ತವನ ಮೈಯಲ್ಲಿ ಕಂಡದ್ದನ್ನು ತೊಳೆದವನು ಹೊರಗೆ ಆಡಬಾರದು. ಯಾರ ಹುಣ್ಣನ್ನೂ ಯಾರ ಕಲೆಯನ್ನೂ ಅವರು ಹೆಂಡತಿಯ ಮುಂದೆ ಕೂಡ ಆಡಿದವರಲ್ಲ.

ಸಂತೆಯಲ್ಲಿ ಸೈಕಲ್ ಕದ್ದನೆಂದು ಅದೇ ಊರಿನ ಕಾಜಿಮನನ್ನು ಪೊಲೀಸರು ಠಾಣೆಗೆ ಹಿಡಿದುಕೊಂಡು ಹೋಗಿದ್ದರು. ಮರುದಿನ ಎತ್ತಿನ ಗಾಡಿಯಲ್ಲಿ ಹೆಣ ಬಂತು, ವಾಂತಿಭೇದಿ ಎಂದರು. ಬೇಗ ಮಣ್ಣು ಮಾಡಬೇಕೆಂಬ ಅವಸರದಲ್ಲಿ ಊರಿನವರೂ ಡಾಕ್ಟರಿಗೆ ತೋರಿಸಲಿಲ್ಲ. ನೀರು ಎತ್ತಿಕೊಡುತ್ತಿದ್ದವನು ಮುಖ ತಿರುಗಿಸಿ ನಿಂತಿದ್ದ. ಆ ಮೈಯನ್ನು ಸರಿಯಾಗಿ ಕಂಡವರು, ಹೊಡೆದವರನ್ನು ಬಿಟ್ಟರೆ, ಇಸ್ಮಾಯಿಲರೊಬ್ಬರೇ. ತಾಯಿ ಶಹರ್ ಬಾನು ಬಾಗಿಲಲ್ಲಿ ನಿಂತು ಕೇಳಿದಾಗ, "ನಿದ್ದೆ ಹೋದ ಹಾಗಿದ್ದಾನೆ, ಬೆಹನ್" ಎಂದಿದ್ದರು.

ಕೆಲವು ವಾರ ಕಳೆದ ಮೇಲೆ ಆ ಸೈಕಲ್ ಬೇರೊಬ್ಬನ ಹತ್ತಿರ ಸಿಕ್ಕಿತು. ಶಹರ್ ಬಾನು ಅರ್ಜಿ ಹಾಕಿಸಿದಳು.

ಠಾಣೆಯ ದಫೇದಾರ್ ಬಯ್ಯಪ್ಪ ಹೊರಗೆ ಬಂದು ಇಸ್ಮಾಯಿಲರ ಪಕ್ಕದಲ್ಲೇ ಕೂತ. ಹಳೆಯ ಪರಿಚಯ. ಬೀಡಿ ಚಾಚಿದ, ಇವರು ಮುಟ್ಟಲಿಲ್ಲ.

"ಯಾಕ್ ಸಾಬ್ರೆ, ನನ್ ಬೀಡಿನೂ ಹರಾಮಾಯ್ತಾ?"

"ಗಂಟಲು ಸರಿ ಇಲ್ಲ, ಬಯ್ಯಪ್ಪ."

"ಒಳ್ಳೇದೇ ಆಯ್ತು ಬಿಡಿ. ಜಾಸ್ತಿ ಮಾತಾಡೋ ಅಂಗಿಲ್ಲ." ನಕ್ಕು, ದನಿ ತಗ್ಗಿಸಿದ. "ಕಾಲಿಗೆ ಎರಡೇಟು ಹಾಕ್ದೆ ಅಂತ ನಾನೇ ಒಪ್ಕೊಂಡಿದೀನಿ. ಅಷ್ಟೂ ಹಾಕ್ದಿದ್ರೆ ಯಾವ್ ಕಳ್ಳ ಬಾಯಿ ಬಿಡ್ತಾನೆ? ಅಷ್ಟಕ್ಕೆ ಸಾಹೇಬ್ರೂ ತಲೆ ಕೆಡಿಸ್ಕೊಳ್ಳಲ್ಲ. ತೊಳ್ದೋರು ಕಂಡಿದ್ದನ್ನ ಹೇಳ್ಬಾರ್ದು ಅಂತ ನಿಮ್ಮಲ್ಲೇ ಐತಲ್ಲ. ನಿಮ್ ಧರ್ಮ ನೀವು ಉಳಿಸ್ಕೊಳಿ."

ಅವನು ಒಳಗೆ ಹೋದ. ಇಸ್ಮಾಯಿಲರಿಗೆ ನಾಚಿಕೆಯಾಯಿತು. ದಾರಿಯುದ್ದಕ್ಕೂ ಅವರು ತಮಗೆ ತಾವೇ ಹೇಳಿಕೊಂಡು ಬಂದದ್ದು ಇದೇ ಮಾತನ್ನು.

ಕಂಬದ ಮರೆಯಲ್ಲಿ ಕೂತಿದ್ದ ಶಹರ್ ಬಾನು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಭಾಯಿ, ನಿದ್ದೆ ಹೋದ ಹಾಗಿದ್ದ ಅಂದ್ರಲ್ಲ, ಅದು ನನಗೋಸ್ಕರ ಹೇಳಿದ್ದಲ್ವಾ?"

ಇಸ್ಮಾಯಿಲರು ಹೌದೆಂದು ತಲೆಯಾಡಿಸಿದರು.

"ಗೊತ್ತಿತ್ತು. ಆದ್ರೂ ಆ ಮಾತು ಹಿಡ್ಕೊಂಡೇ ಮಲಗ್ತಿದ್ದೆ."

"ನೀನು ಒಳಗೆ ಬರಬೇಡ, ಬೆಹನ್. ಕೇಳಿಸ್ಕೊಂಡ್ರೆ ಮರೆಯೋಕಾಗಲ್ಲ."

"ಸತ್ತವನ ಐಬು ಮುಚ್ಚಬೇಕು, ಸರಿ" ಎಂದಳು ಆಕೆ. "ಇದು ನನ್ ಮಗನ ಐಬಾ?"

ಅಷ್ಟರಲ್ಲಿ ಕರೆ ಬಂತು. ಆಕೆಯೂ ಎದ್ದು ಹಿಂದೆಯೇ ಬಂದು ನಿಂತಳು. ಬಯ್ಯಪ್ಪ ಕಿಟಕಿಯ ಕಡೆ ನೋಡುತ್ತಿದ್ದ.

"ದಫೇದಾರರು ಕಾಲಿಗೆ ಮಾತ್ರ ಹೊಡೆದೆ ಅಂತಾರೆ" ಎಂದರು ಸಾಹೇಬರು. "ನೀವೇನು ಕಂಡಿರಿ?"

"ಕಾಲಲ್ಲಿ ಏನೂ ಇರಲಿಲ್ಲ, ಸ್ವಾಮಿ" ಎಂದರು ಇಸ್ಮಾಯಿಲರು. "ಬೆನ್ನ ಮೇಲೆ, ಎಡಪಕ್ಕೆ ಮೇಲೆ ಪಟ್ಟೆ ಎದ್ದಿದ್ವು. ಎರಡಂಚೂ ಕಪ್ಪು, ನಡುವೆ ಬಿಳಿಚಿಕೊಂಡಿತ್ತು. ನೀರು ಹುಯ್ದು ಕೈಯಾಡಿಸಿದಾಗ ಪಕ್ಕೆಲುಬು ಒಳಕ್ಕೆ ಹೋಯ್ತು."

ಹಿಂದೆ ಶಹರ್ ಬಾನು ಗೋಡೆಗೆ ಒರಗಿದ ಸದ್ದಾಯಿತು. ಅವರು ತಿರುಗಲಿಲ್ಲ, ತಿರುಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

"ಪಟ್ಟೆ ಎಷ್ಟು ಅಗಲ?"

ಇಸ್ಮಾಯಿಲರು ಬಲಗೈಯ ಎರಡು ಬೆರಳು ಜೋಡಿಸಿ ಮೇಜಿನ ಮೇಲಿಟ್ಟರು. ಪಟ್ಟೆಯುದ್ದಕ್ಕೂ ಹಾದುಹೋಗಿದ್ದು ಇವೇ ಬೆರಳುಗಳು. ಆಗ ಪಟ್ಟೆಯ ಅಂಚಿಗೆ ಬೆರಳಿನ ಅಂಚು ಸರಿಯಾಗಿ ಕೂಡಿತ್ತು. ಸಾಹೇಬರು ಅಡಿಪಟ್ಟಿಯನ್ನು ಬೆರಳಿಗೆ ಅಡ್ಡಲಾಗಿ ಹಿಡಿದರು. ಆಮೇಲೆ ಬಯ್ಯಪ್ಪನ ಲಾಠಿಯನ್ನು ತರಿಸಿ ಅದಕ್ಕೂ ಹಿಡಿದರು. ಎರಡೂ ಒಂದೂಕಾಲು ಅಂಗುಲ.