ದೊರೆ ಪೀರನ ಮಡಿಲು

"ಈಗ ಮಲಗಿಸಬ್ಯಾಡ್ರಿ ಅಮ್ಮ, ಚೂರು ತಡೀರಿ," ಎಂದಳು ಶೀಲಾ, ಗೋರಿಯ ಕಲ್ಲಿಗೆ ಸೀಮೆಸುಣ್ಣದ ಪುಡಿ ತಿಕ್ಕುತ್ತ.

ಕುಬ್ರಾಬಿಗೆ ರೇಗಿತು. ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಕುರುಗೋಡಿನ ಈ ಹೊಲದವರೆಗೆ ಹಸಿ ಬಾಣಂತಿ ಮಗಳು ಸಾಜಿಯಾಳನ್ನು ಆಟೋದಲ್ಲಿ ಕುಲುಕಿಸಿಕೊಂಡು ಬಂದದ್ದು ಪಾಠ ಕೇಳುವುದಕ್ಕಲ್ಲ. ಮೊಮ್ಮಗ ಅಜೀಮ್, ಎರಡು ಬಸಿರು ಇಳಿದುಹೋದ ಮೇಲೆ ದೊರೆ ಪೀರನಿಗೆ ಹರಕೆ ಹೊತ್ತು ಪಡೆದವನು. ಹುಟ್ಟಿ ನಲವತ್ತು ದಿನ ತುಂಬಿದಾಗ ಅಂಥ ಕೂಸನ್ನು ಪೀರನ ಮಡಿಲಲ್ಲಿ, ಅಂದರೆ ಈ ಕಲ್ಲಿನ ಮೇಲೆ, ಮಲಗಿಸಿ ಎತ್ತಿಕೊಳ್ಳಬೇಕು. ಸುತ್ತಲಿನ ಹಿಂದೂಗಳೂ ಹೀಗೇ ಮಾಡುತ್ತಾರೆ. ಮಕ್ಕಳಿಲ್ಲದ ಹೆಂಗಸು ಪೀರನ ಕುಲಗೋತ್ರ ಕೇಳುತ್ತ ಕೂರುವುದಿಲ್ಲ.

ಕೇಳುವ ಕೆಟ್ಟ ಚಾಳಿ ಇದ್ದದ್ದು ಶೀಲಾಗೆ. ಹೊಲದೊಡೆಯನ ಮಗಳು, ಸಿರುಗುಪ್ಪದ ಕಾಲೇಜಿನಲ್ಲಿ ಚರಿತ್ರೆ ಹೇಳುವವಳು. ಹಸಿರು ಚಾದರ ಸರಿಸಿ, ತಲೆಮಾರುಗಳ ಎಣ್ಣೆಜಿಡ್ಡನ್ನು ಬೆಳಿಗ್ಗೆಯಿಂದ ಕೆರೆದಿದ್ದಳು. ಪುಡಿ ಕೂತ ಕಡೆ ಇಂಗ್ಲಿಷ್ ಅಕ್ಷರಗಳು ಬೆಳ್ಳಗೆ ಎದ್ದವು.

"ಇವ ಪೀರ ಅಲ್ರಿ. ಸ್ಕಾಟ್ಲೆಂಡಿನ ಮೇಜರ್. ಹದಿನಾರು ವರ್ಸಕ್ಕ ದಂಡು ಸೇರಿ ಮದ್ರಾಸಿಗೆ ಬಂದಾನ. ಶ್ರೀರಂಗಪಟ್ಟಣಕ್ಕ ಟಿಪ್ಪು ಮ್ಯಾಲೆ ಹೋಗ್ಯಾನ. ಇಲ್ಲಿ ಜ್ವರ ಬಂದು ಸತ್ತಾನ."

"ಯಾರರ ಆಗ್ಲೆವ್ವ. ಕೊಟ್ಟಾನಲ್ಲ!"

ಶೀಲಾ ಕೊನೆಯ ಸಾಲಿಗೆ ಬೆರಳಿಟ್ಟು ಕೂಸಿನತ್ತ ನೋಡಿದಳು. ಸಾಜಿಯಾ ಕಲ್ಲಿನತ್ತ ಬಗ್ಗಿದಳು.

"ಏನೈತ್ರಿ ಅಕ್ಕ?"

"ಇವನ ಕೂಸುಗಳು... ಒಂದೂ ಉಳಿದಿಲ್ಲ. ಹುಟ್ಟಿದವೆಲ್ಲ ಎಳೇವಿದ್ದಾಗ ಹೋಗ್ಯಾವ. ಅವನ್ನೂ ಇಲ್ಲೇ, ಅಪ್ಪನ ಮಗ್ಗಲಾಗ ಹುಗದಾರ."

ಬಿಸಿಲು ಹಾಗೇ ಇತ್ತು. ಜೋಳದ ಹೊಲದಲ್ಲಿ ಒಂದು ಗರಿಯೂ ಅಲುಗಲಿಲ್ಲ.

"ತಾರವ್ವ ಇತ್ತ," ಕುಬ್ರಾಬಿ ಕೈ ಚಾಚಿದಳು. "ಹರಕಿ ಮುರದ್ರ ಕೊಟ್ಟಾಂವ ತಿರುಗಿ ಕೇಳ್ತಾನ."

"ಮಲಗಿಸಿದ್ರ ಇಟ್ಕೊಂಡಾನು!" ಸಾಜಿಯಾ ಕೂಸನ್ನು ಎದೆಗೆ ಅವುಚಿಕೊಂಡಳು. ತಾಯಿಗೆ ಎದುರು ಮಾತಾಡಿದ್ದನ್ನು ಅವಳಿಗೇ ನಂಬಲಾಗಲಿಲ್ಲ. "ನಾ ಒಲ್ಲೆ, ಅಮ್ಮಿ. ಏನಾಗ್ತೈತೋ ಆಗ್ಲಿ."

ಬದುವಿನ ಮೇಲೆ ಆಟೋದತ್ತ ಬಿರಬಿರನೆ ನಡೆದಳು. ಹಿಂದೆ ಕುಬ್ರಾಬಿ ಕಲ್ಲಿನ ಮುಂದೆ ಕೂತು, ತಿಳಿಗೇಡಿ ಹುಡುಗಿ, ಹೊಟ್ಟೆಗೆ ಹಾಕಿಕೊಳ್ಳಪ್ಪ ಎಂದು ಗೋಗರೆಯುವುದು ಕೇಳಿಸುತ್ತಿತ್ತು. ಸಾಜಿಯಾ ನಿಲ್ಲಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಹೇಳುವವರು ಯಾರೂ ಇರಲಿಲ್ಲ.

ಬೆಳಿಗ್ಗೆಯಿಂದ ರಚ್ಚೆ ಹಿಡಿದಿದ್ದ ಅಜೀಮ್ ಅವಳ ಹೆಗಲ ಮೇಲಿಂದ ಗೋರಿಯ ಕಡೆ ನೋಡುತ್ತ ತಟಕ್ಕನೆ ಅಳು ನಿಲ್ಲಿಸಿದ. ಆಮೇಲೆ ಕಿಲಕಿಲ ನಕ್ಕ. ಹುಟ್ಟಿದ ಮೇಲೆ ಅದೇ ಅವನ ಮೊದಲ ನಗು.

ಸಾಜಿಯಾ ತಿರುಗಿ ನೋಡಲಿಲ್ಲ. ದುಪಟ್ಟಾದಿಂದ ಅವನ ಕಣ್ಣು ಮುಚ್ಚಿದಳು. ಅಜೀಮ್ ನಗುತ್ತಲೇ ಇದ್ದ.