ಎರಡನೇ ಭಾಗದ ಬೆಕ್ಕಿನಮರಿ

"ಚಿಕ್ಕಮ್ಮ, ಎದೆ ನೋಯ್ತಿದೆಯಾ?"

ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸಿದಳು. ಆದರೂ ಎಡಗೈಯಿಂದ ಎದೆ ತಟ್ಟಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಪಾರ್ಶ್ವವಾಯು ಬಡಿದು ಅವಳ ಬಲಗೈಯೂ ಮಾತೂ ಒಟ್ಟಿಗೇ ಹೋಗಿದ್ದವು. ಅವಳಿಗೆ ಹೊತ್ತು ಹೋಗಲಿ ಎಂದು ಅವನು ಮಂಚದ ಪಕ್ಕ ಕೂತು 'ದೀಪದ ಕೋಟೆ' ಎಂಬ ಹಳೆಯ ವಿಡಿಯೊ ಆಟದ ಎರಡನೇ ಭಾಗವನ್ನು ಫೋನಿನಲ್ಲಿ ಆಡಿ ಮುಗಿಸಿದ್ದ. ಆಟ ಮಾಡಿದವರ ಹೆಸರುಗಳು ಒಂದೊಂದಾಗಿ ಮೇಲೇರುತ್ತಿದ್ದವು. 'ಚಿತ್ರಗಳು: ಬೆಕ್ಕಿನಮರಿ' ಎಂಬ ಸಾಲು ಬಂದಾಗಲೇ ಅವಳು ಹಾಗೆ ತಟ್ಟಿಕೊಳ್ಳತೊಡಗಿದ್ದು.

ಅವನು ಆ ಸಾಲನ್ನು ಮತ್ತೆ ತೆರೆಗೆ ತಂದ. ಅವಳು ಅದರ ಮೇಲೆ ಬೆರಳಿಟ್ಟಳು, ಆಮೇಲೆ ತನ್ನ ಎದೆಯ ಮೇಲೆ.

"ನೀನಾ?"

ಚಿಕ್ಕಮ್ಮ ಅರ್ಧ ಬಾಯಿಯಲ್ಲಿ ನಕ್ಕಳು.

ಅವನದು ಕನ್ನಡಕದ ಅಂಗಡಿ. ಹೊಟ್ಟೆಪಾಡಿಗೆ ಅಂಗಡಿಯಾದರೆ ಜೀವವೆಲ್ಲ ಈ ಆಟಗಳ ಮೇಲೆ. ಯಾವ ಭಾಗ ಯಾವ ದೇಶದಲ್ಲಿ ಯಾವ ತಿಂಗಳು ಬಿಡುಗಡೆಯಾಯಿತು, ಡಬ್ಬಿಯ ಬಣ್ಣ ಎಲ್ಲಿ ಬದಲಾಯಿತು, ಮೊದಲ ಪ್ರತಿಗಳಲ್ಲಿ ಯಾವ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನೆಲ್ಲ ಅವನಂಥ ಕೆಲವರು ಸೇರಿ ಒಂದು ಜಾಲತಾಣದಲ್ಲಿ ದಾಖಲಿಸುತ್ತಿದ್ದರು. ಆ ಕಾಲದ ಕಂಪನಿಗಳಿಗೆ ತಮ್ಮ ಕೆಲಸಗಾರರನ್ನು ಬೇರೆಯವರು ಎಳೆದುಕೊಂಡಾರು ಎಂಬ ಭಯ. ಹಾಗಾಗಿ ಆಟದ ಕೊನೆಯಲ್ಲಿ ಅಡ್ಡಹೆಸರುಗಳನ್ನೇ ಹಾಕುತ್ತಿದ್ದರು. ಬೆಕ್ಕಿನಮರಿ ಎಂದರೆ ಆಟದ ನಿರ್ದೇಶಕರೇ ಎಂದು ತಾಣದವರು ತೀರ್ಮಾನಿಸಿಯಾಗಿತ್ತು. ಯಾಕೆಂದರೆ ಹಳೆಯ ಪತ್ರಿಕೆಯೊಂದರ ಫೋಟೋದಲ್ಲಿ ಅವರ ತೊಡೆಯ ಮೇಲೆ ಬೆಕ್ಕಿನ ಮರಿಯೊಂದು ಕೂತಿತ್ತು. ಎಂಥ ಘನವಾದ ಆಧಾರ!

ಚಿಕ್ಕಮ್ಮ ಯಾವುದೋ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದಳು ಎಂದಷ್ಟೇ ಮನೆಯವರೆಲ್ಲ ತಿಳಿದಿದ್ದರು. ಚೆನ್ನಾಗಿದ್ದಾಗ ಅವನು ಬಂದಾಗಲೆಲ್ಲ ಕೇಳುತ್ತಿದ್ದಳು.

"ಏನೋ, ನಿಮ್ಮ ಬೆಕ್ಕಿನಮರಿ ಸಿಕ್ತೇನೋ?"

"ಯಾವಾಗ್ಲೋ ಸಿಕ್ತು. ನಿರ್ದೇಶಕರೇ ಅದು. ಆಧಾರ ಇದೆ."

"ಓಹೋ, ಆಧಾರ ಬೇರೆ ಇದೆಯಾ! ಸರಿ ಬಿಡಪ್ಪ, ತಿಳಿದೋರು ನೀವು."

ರೇಗಿಸುತ್ತಿದ್ದಾಳೆ ಎಂದುಕೊಂಡಿದ್ದ. 'ಯಾಕೆ ಚಿಕ್ಕಮ್ಮ, ನಿನಗೇನಾದ್ರೂ ಗೊತ್ತಾ' ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅದಕ್ಕಾಗಿಯೇ ಅವಳು ಇಷ್ಟು ವರ್ಷ ಕಾದಿದ್ದಳು ಎಂದು ಅವನಿಗೆ ಈಗ ಹೊಳೆಯಿತು. ಆಟದ ಅಡುಗೆಮನೆಯಲ್ಲೊಂದು ಕೆಟಲ್ ಇತ್ತು, ಅದರ ಮುಚ್ಚಳಕ್ಕೆ ಹಿಡಿಯ ಬದಲು ದಾರದ ಉಂಡೆ. ಯಾಕೆ ಹಾಗೆ ಎಂದು ತಾಣದಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಚಿಕ್ಕಮ್ಮನ ತವರಾದ ಅಜ್ಜಿಯ ಮನೆಯಲ್ಲಿ ಅಂಥದೇ ಕೆಟಲಿನಿಂದ ಹಾಲು ಬಗ್ಗಿಸಿಕೊಂಡು ಕುಡಿದು ಬೆಳೆದವನು ಅವನು. ಊರಿಗೆಲ್ಲ ಕನ್ನಡಕ ಕೊಡುವವನ ಕಣ್ಣಿಗೆ ಏನು ಬಡಿದಿತ್ತೋ!

ತಾಣ ಕಾಯುವ ಗೆಳೆಯನಿಗೆ ಕೂಡಲೇ ಫೋನ್ ಮಾಡಿದ. ಯಾರು ಏನು ತಿದ್ದಿದರೂ ಅವನ ಕಣ್ಣಿಗೆ ಬೀಳುತ್ತಿತ್ತು, ಹಾಗಾಗಿ ಎಲ್ಲರಿಗೂ ಅವನು 'ಹದ್ದು'.

"ನಾನು ನಂಬ್ತೀನಿ ಗುರು. ಆದ್ರೆ ಆಧಾರ?" ಎಂದ ಹದ್ದು.

"ಅವಳೇ ಹೇಳ್ತಿದ್ದಾಳಲ್ಲೋ!"

"ಮಾತೇ ಬರಲ್ಲ ಅಂದೆ?"

"ಕೈಯಲ್ಲಿ ತೋರಿಸ್ತಾಳೆ ಕಣೋ."

"ಅಚ್ಚಾಗಿರೋದು ಏನಾದ್ರೂ ಇದೆಯಾ? ಸಂಬಳದ ಚೀಟಿ? ಹೋಗ್ಲಿ, ಆ ಕೆಟಲ್?"

"ಗುಜರಿಗೆ ಹೋಯ್ತು. ಕಂಪನಿ ಮುಚ್ಚಿತು, ನಿರ್ದೇಶಕರೂ ತೀರಿಕೊಂಡ್ರು. ಎಲ್ಲಿಂದ ತರ್ಲಿ?"

"ಮನೆಯವರ ಮಾತು ಆಧಾರ ಅಲ್ಲ ಅಂತ ನಿಯಮ ಮಾಡಿದಾಗ ನೀನೂ ಕೈ ಎತ್ತಿದ್ದೆ. ಇವತ್ತು ನಿನ್ನ ಚಿಕ್ಕಮ್ಮನ್ನ ಸೇರಿಸಿದ್ರೆ ನಾಳೆ ಊರಿನ ಅತ್ತೆ-ಮಾವಂದಿರೆಲ್ಲ ಸಾಲುಗಟ್ಟಿ ನಿಲ್ತಾರೆ. ಬೇಜಾರಾಗ್ಬೇಡ."

ಹದ್ದಿನ ಜಾಗದಲ್ಲಿ ತಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಫೋನಿನತ್ತ ಬೆರಳು ಮಾಡಿ ಅವನ ಮುಖವನ್ನೇ ನೋಡತೊಡಗಿದಳು. ಇಲ್ಲ, ನಿನ್ನ ಹೆಸರು ಹಾಕುವುದಿಲ್ಲವಂತೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಆದದ್ದಾಗಲಿ ಎಂದು ತಾನೇ ಪುಟವನ್ನು ತಿದ್ದಿ, ಬೆಕ್ಕಿನಮರಿಯ ಮುಂದೆ ಅವಳ ಪೂರ್ತಿ ಹೆಸರು ಬರೆದು ತೋರಿಸಿದ. ಅವಳು ಓದಿದಳು. ತುಟಿ ಅಲುಗಿತು, ಕಣ್ಣು ತುಂಬಿತು. ಅವಳ ಖುಷಿ ನೋಡಿ ಅವನಿಗೂ ಅಳು ಬಂತು. ಅಷ್ಟರಲ್ಲಿ ಫೋನ್ ಗುಂಯ್‌ಗುಟ್ಟಿತು. ಆಧಾರವಿಲ್ಲವೆಂದು ಹದ್ದು ಅವಳ ಹೆಸರನ್ನು ತೆಗೆದು ಮತ್ತೆ ನಿರ್ದೇಶಕರದನ್ನೇ ಹಾಕಿದ್ದ. ಪುಟವನ್ನು ಮತ್ತೆ ತೆರೆಯದಿದ್ದರೆ ಈ ಫೋನಿನಲ್ಲಿ ಮಾತ್ರ ಅವಳ ಹೆಸರು ಹಾಗೇ ಉಳಿಯುತ್ತಿತ್ತು. ಅವನು ಪುಟವನ್ನು ಹಾಗೇ ಬಿಟ್ಟು ಫೋನನ್ನು ಅವಳ ಪಕ್ಕದಲ್ಲಿಟ್ಟ.

ಕೈಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗಿ ಬಂದಳು. ಚಿಕ್ಕಮ್ಮ ಗಂಟಲಲ್ಲೇ ಸದ್ದು ಮಾಡಿ ಅವಳನ್ನು ಕರೆದು ಫೋನ್ ತೋರಿಸಿದಳು.

"ಅಯ್ಯೋ ಅಮ್ಮ, ಇದು ನೀವಾ! ನಮ್ಮಣ್ಣ ಈ ಆಟ ಅಂದ್ರೆ ಪ್ರಾಣ ಬಿಡ್ತಾನೆ. ಇರಿ, ಈಗ್ಲೇ ಅವನಿಗೆ ಕಳಿಸ್ತೀನಿ."

"ಆಮೇಲೆ ಕಳಿಸಮ್ಮ, ಮೊದ್ಲು ವ್ಯಾಯಾಮ..." ಎಂದ ಅವನು. ಹುಡುಗಿ ಆಗಲೇ ತನ್ನ ಫೋನ್ ತೆಗೆದಿದ್ದಳು.

"ಇದೇನಿದು, ನನ್ನದ್ರಲ್ಲಿ ಯಾರೋ ಗಂಡಸಿನ ಹೆಸರಿದೆ?" ಪಾಪ, ಅವಳಿಗೇನು ಗೊತ್ತು. ಎರಡೂ ಫೋನುಗಳನ್ನು ಅಕ್ಕಪಕ್ಕ ಹಿಡಿದು ಚಿಕ್ಕಮ್ಮನಿಗೇ ತೋರಿಸಿದಳು.

ಚಿಕ್ಕಮ್ಮ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಆಮೇಲೆ ಅವನನ್ನು.

"ನೆಟ್‌ವರ್ಕ್ ಸರಿಯಿಲ್ಲ ಚಿಕ್ಕಮ್ಮ. ಅವಳ ಫೋನಲ್ಲಿ ಇನ್ನೂ ಹಳೇದೇ ಬರ್ತಿದೆ."

ಚಿಕ್ಕಮ್ಮ ಎಡಗೈ ಚಾಚಿ ಅವನ ಮೊಣಕೈಯನ್ನು ಮೆಲ್ಲಗೆ ಸವರಿದಳು. ಇರಲಿ ಬಿಡು ಎನ್ನುವ ಹಾಗೆ. ಆಮೇಲೆ ಹುಡುಗಿಯ ಕಡೆಗೆ ತಿರುಗಿಕೊಂಡಳು. ಹುಡುಗಿ ಅವನ ಫೋನನ್ನು ಅವನಿಗೆ ಕೊಟ್ಟು ಅವಳ ಕಾಲನ್ನು ಮಡಚಿ ನೀಡಲು ಶುರುಮಾಡಿದಳು. ಅವನ ಕೈಯಲ್ಲಿ, ಅವಳ ಹೆಸರಿದ್ದ ಫೋನಿನ ತೆರೆ ಮಂಕಾಗುತ್ತಿತ್ತು. ಆರಿಹೋಗದಂತೆ ಅವನು ಅದನ್ನು ಮತ್ತೆ ಮತ್ತೆ ಮುಟ್ಟುತ್ತ ನಿಂತ.